ಒಂದೇ ಅಚ್ಚಿನ ಕಾರು, ಎರಡು ಬಗೆಯ ಪ್ರೀಮಿಯಂ

ಎದುರು ಬದುರಿನ ಎರಡು ಮನೆ. ಎರಡೂ ಮನೆಗಳ ಮುಂದೆ ಒಂದೊಂದು ಬಿಳಿ ಕಾರು. ಕಂಪನಿ ಒಂದೇ, ಹೆಸರು ಒಂದೇ, ಮೂರು ವರ್ಷದ ಹಿಂದೆ ಕೊಂಡದ್ದೂ ಒಂದೇ ಆಯುಧಪೂಜೆಯ ದಿನ. ನಂಬರ್ ಪ್ಲೇಟ್ ನೋಡದಿದ್ದರೆ ಯಾವುದು ಯಾರದೆಂದು ಹೇಳುವುದು ಕಷ್ಟ. ಈಗ ವಿಮೆ ನವೀಕರಿಸುವ ಕಾಲ ಬಂದಿದೆ. ಒಬ್ಬರಿಗೆ ಬಂದ ಲೆಕ್ಕ ಹದಿಮೂರು ಸಾವಿರ ಚಿಲ್ಲರೆ. ಎದುರು ಮನೆಯವರಿಗೆ ಹದಿನೇಳು ಸಾವಿರ ಚಿಲ್ಲರೆ.

"ಏನ್ರೀ ಇದು, ನಿಮಗೊಂದು ರೇಟು, ನಮಗೊಂದು ರೇಟು?"

ಮೊದಲ ಅನುಮಾನ ಏಜೆಂಟನ ಮೇಲೆ. ಎರಡನೆಯ ಅನುಮಾನ ವಿಮಾ ಕಂಪನಿಯ ಮೇಲೆ. ಮೂರನೆಯದಾಗಿ, ಪಿಯುಸಿ ಓದುವ ಮಗಳು ಕಾಗದವನ್ನು ಕೈಗೆತ್ತಿಕೊಂಡು "ಅಪ್ಪ, ಇದರಲ್ಲಿ ಏನೇನು ಸೇರಿದೆ ಅಂತ ಓದಿದ್ದೀಯಾ?" ಎಂದು ಕೇಳಿದಾಗ ಉತ್ತರವಿರುವುದಿಲ್ಲ. ಇಂಥ ಪ್ರಸಂಗ ನಿಮ್ಮ ಬೀದಿಯಲ್ಲೂ ನಡೆದಿರಬಹುದು. ಮಗಳ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಅದರಿಂದಲೇ ಆರಂಭಿಸೋಣ.

ಒಂದು ಕಾಗದ, ಎರಡು ವಿಮೆ

ನಾವು "ಫುಲ್ ಇನ್ಶೂರೆನ್ಸ್" ಎಂದು ಕರೆಯುವ ಪಾಲಿಸಿ ನಿಜಕ್ಕೂ ಎರಡು ವಿಮೆಗಳನ್ನು ಸೇರಿಸಿ ಹೊಲಿದದ್ದು. ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಸಾವು, ಗಾಯ, ಆಸ್ತಿನಷ್ಟಕ್ಕೆ ಪರಿಹಾರ ಕೊಡುವುದು ಮೊದಲನೆಯದು. ಇದೇ ಥರ್ಡ್ ಪಾರ್ಟಿ ವಿಮೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಕಡ್ಡಾಯ. ಇದಿಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಎರಡನೆಯದು ನಮ್ಮ ಕಾರಿಗೇ ಆಗುವ ಹಾನಿ ಅಥವಾ ಕಳವಿಗೆ ಸಂಬಂಧಿಸಿದ್ದು. ಇದು ನಮ್ಮ ಇಷ್ಟಕ್ಕೆ ಬಿಟ್ಟ ವಿಚಾರ.

ಈ ಎರಡರ ಬೆಲೆ ನಿರ್ಧಾರವಾಗುವ ರೀತಿಯೇ ಬೇರೆ ಬೇರೆ. ಮೊದಲನೆಯದರ ದರವನ್ನು ಸರ್ಕಾರ ಗೊತ್ತುಮಾಡುತ್ತದೆ. ಯಾವ ಕಂಪನಿಗೆ ಹೋದರೂ ಅಷ್ಟೇ, ಚೌಕಾಸಿ ನಡೆಯದು. ಎರಡನೆಯದರ ದರ ಆಯಾ ವಿಮಾ ಕಂಪನಿಯ ಲೆಕ್ಕಾಚಾರಕ್ಕೆ ಸೇರಿದ್ದು. ಎದುರು ಬದುರು ಮನೆಯವರ ನಾಲ್ಕು ಸಾವಿರದ ವ್ಯತ್ಯಾಸ ಎಲ್ಲಿ ಹುಟ್ಟಿತೆಂದು ತಿಳಿಯಲು ಇವೆರಡನ್ನೂ ಬಿಡಿಸಿ ನೋಡಬೇಕು.

ಸಿಸಿ ಎಂಬ ಮೆಟ್ಟಿಲು

ಥರ್ಡ್ ಪಾರ್ಟಿ ದರಕ್ಕೆ ಕಾರಿನ ಬಣ್ಣ, ಬೆಲೆ, ಕಂಪನಿ ಯಾವುದೂ ಬೇಕಿಲ್ಲ. ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಅದು ನೋಡುವುದು ಎಂಜಿನ್ನಿನ ಗಾತ್ರ ಒಂದನ್ನೇ. ಅಂದರೆ ಆರ್‌ಸಿ ಪುಸ್ತಕದಲ್ಲಿ ನಮೂದಾಗಿರುವ ಸಿಸಿ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಖಾಸಗಿ ಕಾರುಗಳಿಗೆ ಮೂರೇ ಮೆಟ್ಟಿಲುಗಳು. 1000 ಸಿಸಿವರೆಗೆ 2,094 ರೂಪಾಯಿ. ಅದಕ್ಕಿಂತ ಹೆಚ್ಚು, 1500 ಸಿಸಿವರೆಗೆ 3,416 ರೂಪಾಯಿ. ಅದನ್ನೂ ಮೀರಿದರೆ 7,897 ರೂಪಾಯಿ.

1990ರ ದಶಕದ ರಸ್ತೆಯನ್ನು ನೆನಪಿಸಿಕೊಳ್ಳುವ ಹಿರಿಯರಿಗೆ ಈ ಮೆಟ್ಟಿಲು ಬೇಗ ಅರ್ಥವಾದೀತು. 796 ಸಿಸಿಯ ಮಾರುತಿ 800 ಮೊದಲ ಮೆಟ್ಟಿಲಿನದು. 1089 ಸಿಸಿಯ ಪದ್ಮಿನಿ ಮತ್ತು 1489 ಸಿಸಿಯ ಅಂಬಾಸಿಡರ್ ಎರಡನೆಯ ಮೆಟ್ಟಿಲಿನವು. ಆಗ ಕಾರು ನೋಡಿದರೇ ಅದರ ಮೆಟ್ಟಿಲು ಗೊತ್ತಾಗುತ್ತಿತ್ತು. ಈಗ ಹಾಗಿಲ್ಲ. ಒಂದೇ ಮೈಕಟ್ಟಿನೊಳಗೆ ಎರಡು ಮೂರು ಬಗೆಯ ಎಂಜಿನ್‌ಗಳು ಕೂರುತ್ತವೆ.

ನಮ್ಮ ಎದುರು ಬದುರು ಮನೆಗಳ ಗುಟ್ಟು ಇಲ್ಲೇ ಇದೆ. ಮಾರುತಿ ವ್ಯಾಗನ್ ಆರ್ ಕಾರನ್ನೇ ತೆಗೆದುಕೊಳ್ಳಿ. 2019ರಲ್ಲಿ ಬಂದ ಅದರ ಹೊಸ ರೂಪದಲ್ಲಿ 998 ಸಿಸಿಯ ಎಂಜಿನ್ನೂ ಉಂಟು, 1197 ಸಿಸಿಯದೂ ಉಂಟು. ಹೊರಗಿನಿಂದ ನೋಡಿದರೆ ಅಣ್ಣ ತಮ್ಮ. ಆದರೆ ಒಂದು ಮೊದಲ ಮೆಟ್ಟಿಲಿನದು, ಇನ್ನೊಂದು ಎರಡನೆಯದರದು. ಥರ್ಡ್ ಪಾರ್ಟಿ ಭಾಗದಲ್ಲೇ 1,322 ರೂಪಾಯಿ ವ್ಯತ್ಯಾಸ ಬಂತು. 2015ರಲ್ಲಿ ಬಿಡುಗಡೆಯಾದ ಹ್ಯುಂಡೈ ಕ್ರೆಟಾದಲ್ಲಿ ಅಂತರ ಇನ್ನೂ ದೊಡ್ಡದು. ಅದರ ಡೀಸೆಲ್ ಕಾರುಗಳಲ್ಲಿ 1396 ಸಿಸಿಯ ಎಂಜಿನ್ನೂ ಇತ್ತು, 1582 ಸಿಸಿಯದೂ ಇತ್ತು. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಇವೆರಡೂ ಅಕ್ಕಪಕ್ಕ ನಿಂತಿರುತ್ತವೆ. 2022ರ ಪಟ್ಟಿಯ ಪ್ರಕಾರ ಒಂದಕ್ಕೆ 3,416, ಇನ್ನೊಂದಕ್ಕೆ 7,897!

ಸಿಸಿ ಹೆಚ್ಚಾದರೆ ಕಾರು ಭಾರವಾಗಿರುತ್ತದೆ, ವೇಗವಾಗಿ ಓಡುತ್ತದೆ, ಡಿಕ್ಕಿ ಹೊಡೆದರೆ ಹಾನಿಯೂ ಹೆಚ್ಚು ಎಂಬುದು ಈ ಮೆಟ್ಟಿಲಿನ ಹಿಂದಿನ ತರ್ಕ. ತರ್ಕ ಸರಿಯಾದರೂ ಟರ್ಬೊ ಎಂಜಿನ್ ಬಂದ ಮೇಲೆ ಅದು ಸ್ವಲ್ಪ ಹಳತಾಗಿದೆ. ಹ್ಯುಂಡೈ ವೆನ್ಯೂ ಕಾರಿನ 998 ಸಿಸಿ ಟರ್ಬೊ ಎಂಜಿನ್ನಿನ ಶಕ್ತಿ ಅದೇ ಕಾರಿನ 1197 ಸಿಸಿಯ ಸಾದಾ ಎಂಜಿನ್ನಿಗಿಂತ ಹೆಚ್ಚು. ಆದರೂ ಟರ್ಬೊ ಕಾರಿಗೆ ಮೊದಲ ಮೆಟ್ಟಿಲಿನ ದರ, ಸಾದಾ ಕಾರಿಗೆ ಎರಡನೆಯದು. ಎಂಜಿನ್ನೇ ಇಲ್ಲದ ಬ್ಯಾಟರಿ ಕಾರುಗಳಿಗೆ ಸಿಸಿ ಎಲ್ಲಿಂದ ಬರಬೇಕು? ಅವುಗಳಿಗೆ ಕಿಲೋವ್ಯಾಟ್ ಲೆಕ್ಕದ ಪ್ರತ್ಯೇಕ ಮೆಟ್ಟಿಲು ಇದೆ. 2022ರ ಪಟ್ಟಿಯಲ್ಲಿ ಅವುಗಳಿಗೆ ಶೇ. 15ರಷ್ಟು ರಿಯಾಯಿತಿಯನ್ನೂ ಕೊಡಲಾಯಿತು.

ಕಾರಿನ ಬೆಲೆ, ಊರಿನ ಹೆಸರು

ಈಗ ಎರಡನೆಯ ಭಾಗಕ್ಕೆ ಬರೋಣ. ಸ್ವಂತ ಕಾರಿನ ಹಾನಿಯ ವಿಮೆ ನಿಲ್ಲುವುದು ಐಡಿವಿ ಎಂಬ ಮೊತ್ತದ ಮೇಲೆ. ಕಾರು ಕಳುವಾದರೆ ಅಥವಾ ರಿಪೇರಿಯಾಗದಷ್ಟು ನಜ್ಜುಗುಜ್ಜಾದರೆ ಕಂಪನಿ ಕೊಡಬೇಕಾದ ಹಣಕ್ಕೆ ಇದೇ ಆಧಾರ. ಕಾರು ತಯಾರಕರು ಪ್ರಕಟಿಸಿದ ಬೆಲೆಯಲ್ಲಿ ಸವೆತವನ್ನು ಕಳೆದು ಇದನ್ನು ಲೆಕ್ಕ ಹಾಕುತ್ತಾರೆ. ರೂಢಿಯಲ್ಲಿರುವ ಕೋಷ್ಟಕದಂತೆ ಒಂದರಿಂದ ಎರಡು ವರ್ಷದ ಕಾರಿಗೆ ಶೇ. 20, ಎರಡರಿಂದ ಮೂರಕ್ಕೆ ಶೇ. 30, ಮೂರರಿಂದ ನಾಲ್ಕಕ್ಕೆ ಶೇ. 40, ನಾಲ್ಕರಿಂದ ಐದಕ್ಕೆ ಶೇ. 50 ಕಡಿತ.

2006ರ ಕೊನೆಯವರೆಗೆ ಈ ಭಾಗದ ದರವೂ ಎಲ್ಲ ಕಂಪನಿಗಳಿಗೂ ಒಂದೇ ಆಗಿತ್ತು. 2002ರ ಜುಲೈನಿಂದ ಜಾರಿಯಲ್ಲಿದ್ದ ಆ ಕೋಷ್ಟಕ ಇಂದು ಕಡ್ಡಾಯವಲ್ಲ. ಆದರೆ ಲೆಕ್ಕ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಅದರಲ್ಲಿ ದೇಶವನ್ನು ಎರಡು ವಲಯ ಮಾಡಿದ್ದರು. ಬೆಂಗಳೂರು ಸೇರಿ ಎಂಟು ಮಹಾನಗರಗಳು ಮೊದಲ ವಲಯ, ಉಳಿದ ಭಾರತವೆಲ್ಲ ಎರಡನೆಯದು. ಐದು ವರ್ಷದೊಳಗಿನ ಕಾರು ಬೆಂಗಳೂರಿನದಾದರೆ 1000 ಸಿಸಿವರೆಗೆ ಐಡಿವಿಯ ಶೇ. 3.127, 1500 ಸಿಸಿವರೆಗೆ ಶೇ. 3.283.

ವಿದ್ಯಾರ್ಥಿಗಳು ಪೆನ್ಸಿಲ್ ತೆಗೆದುಕೊಳ್ಳಬಹುದು. ನಮ್ಮ ಎರಡು ಕಾರುಗಳ ಬೆಲೆ ಹೊಸದಾಗಿದ್ದಾಗ ಆರು ಲಕ್ಷ ಮತ್ತು ಏಳು ಲಕ್ಷ ಎಂದಿಟ್ಟುಕೊಳ್ಳೋಣ. ಮೂರು ವರ್ಷ ತುಂಬಿದ್ದರಿಂದ ಶೇ. 40 ಕಳೆದರೆ ಐಡಿವಿ 3,60,000 ಮತ್ತು 4,20,000. ಮೊದಲನೆಯದಕ್ಕೆ ಶೇ. 3.127ರಂತೆ 11,257 ರೂಪಾಯಿ. ಎರಡನೆಯದಕ್ಕೆ ಶೇ. 3.283ರಂತೆ 13,789 ರೂಪಾಯಿ. ಇದಕ್ಕೆ ಥರ್ಡ್ ಪಾರ್ಟಿ ಮೊತ್ತ ಕೂಡಿಸಿದರೆ, ತೆರಿಗೆ ಬಿಟ್ಟು, 13,351 ಮತ್ತು 17,205. ಎದುರು ಮನೆಯವರ ತಕರಾರು ಇತ್ಯರ್ಥವಾಯಿತು! ಯಾರೂ ಮೋಸ ಮಾಡಿಲ್ಲ. ಮೇಲ್ನೋಟಕ್ಕೆ ಒಂದೇ ಆದ ಕಾರುಗಳು ಲೆಕ್ಕದ ಪುಸ್ತಕದಲ್ಲಿ ಒಂದೇ ಅಲ್ಲ, ಅಷ್ಟೆ.

ಮೊದಲನೆಯ ಕಾರೇ ದಾವಣಗೆರೆಯಲ್ಲಿ ನೋಂದಣಿಯಾಗಿದ್ದರೆ? ಆ ವಲಯದ ದರ ಶೇ. 3.039. ಆಗ 10,940 ರೂಪಾಯಿ. ಅಂದರೆ ಬೆಂಗಳೂರಿಗಿಂತ 317 ರೂಪಾಯಿ ಕಡಿಮೆ. ಮಹಾನಗರದ ಸಂದಣಿಗೆ ತೆರುವ ಬೆಲೆ ಅದು.

ಗ್ಯಾರೇಜಿನ ಬಿಲ್ಲು ಹೇಳುವ ಕಥೆ

2007ರ ಜನವರಿ 1ರಿಂದ ಸ್ವಂತ ಹಾನಿಯ ದರವನ್ನು ನಿಗದಿಪಡಿಸುವ ಸ್ವಾತಂತ್ರ್ಯ ಕಂಪನಿಗಳಿಗೆ ಸಿಕ್ಕಿತು. ಅಲ್ಲಿಂದ ಮುಂದೆ ಸಿಸಿ, ವಲಯ, ವಯಸ್ಸುಗಳಷ್ಟೇ ಅಲ್ಲದೆ "ಈ ಮಾಡೆಲ್ ನಮಗೆ ಎಷ್ಟು ಖರ್ಚು ತಂದಿದೆ?" ಎಂಬ ಪ್ರಶ್ನೆಯೂ ದರದೊಳಗೆ ಬಂತು.

ವಿಮೆಯೆಂದರೆ ಊರಹಬ್ಬಕ್ಕೆ ಮನೆಮನೆಯಿಂದ ಚಂದಾ ಎತ್ತಿದಂತೆ. ಎಲ್ಲರೂ ಕೊಟ್ಟ ಹಣದಲ್ಲಿ ಕೆಲವರ ನಷ್ಟ ತುಂಬಬೇಕು. ಒಂದು ಮಾಡೆಲ್ಲಿನ ಕಾರುಗಳು ಮೇಲಿಂದ ಮೇಲೆ ಗ್ಯಾರೇಜು ಸೇರುತ್ತಿದ್ದರೆ, ಅಥವಾ ಸೇರಿದಾಗಲೆಲ್ಲ ದೊಡ್ಡ ಬಿಲ್ಲು ಬರುತ್ತಿದ್ದರೆ, ಆ ಮಾಡೆಲ್ಲಿನ ಎಲ್ಲರ ಚಂದಾ ಏರುತ್ತದೆ. ನೀವು ಒಂದು ಗೀರೂ ಬೀಳದಂತೆ ಓಡಿಸಿದ್ದರೂ ಆ ಗುಂಪಿನಲ್ಲಿ ನೀವೂ ಒಬ್ಬರು.

ಬಿಲ್ಲು ದೊಡ್ಡದಾಗುವುದು ಹೇಗೆ? ಬಿಡಿಭಾಗ ಎಲ್ಲೆಡೆ ಸಿಗುವ ಕಾರು ಬೇಗ ಅಗ್ಗದಲ್ಲಿ ರಿಪೇರಿಯಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೂ ಸಿಗದೆ ಹೊರದೇಶದಿಂದ ತರಿಸಬೇಕಾದ ಬಿಡಿಭಾಗವಾದರೆ ಬೆಲೆಯೂ ಹೆಚ್ಚು, ಕಾಯುವುದೂ ಹೆಚ್ಚು. ಒಂದೇ ಕಾರಿನ ಕೆಳದರ್ಜೆ, ಮೇಲ್ದರ್ಜೆಗಳಲ್ಲೂ ವ್ಯತ್ಯಾಸವಿದೆ. ಕೆಳದರ್ಜೆಯ ಕಾರಿನ ಬಂಪರ್ ಬರಿಯ ಪ್ಲಾಸ್ಟಿಕ್. ಮೇಲ್ದರ್ಜೆಯದರಲ್ಲಿ ಅದರೊಳಗೆ ಸೆನ್ಸರ್, ಗಾಜಿನ ಹಿಂದೆ ಕ್ಯಾಮೆರಾ, ಮುಂದೆ ಎಲ್‌ಇಡಿ ದೀಪ. ಹಿಂದೆ ಸುತ್ತಿಗೆಯಿಂದ ತಟ್ಟಿ, ಬಣ್ಣ ಬಳಿದು ಮುಗಿಸುತ್ತಿದ್ದ ಕೆಲಸಕ್ಕೆ ಈಗ ಇಡೀ ಭಾಗವನ್ನೇ ಬದಲಿಸಬೇಕು. ಏರ್‌ಬ್ಯಾಗ್ ಜೀವ ಉಳಿಸುತ್ತದೆ. ಆದರೆ ಒಮ್ಮೆ ಬಿಚ್ಚಿಕೊಂಡರೆ ಹೊಸದನ್ನೇ ಹಾಕಿಸಬೇಕು. ಸುರಕ್ಷಿತ ಕಾರಿನ ರಿಪೇರಿ ದುಬಾರಿಯಾಗುವ ವಿಚಿತ್ರ ಇದು.

ಅವಳಿ ಕಾರುಗಳಲ್ಲೂ ವ್ಯತ್ಯಾಸ ಬರಬಹುದು. 2019ರಲ್ಲಿ ಬಂದ ಟೊಯೊಟಾ ಗ್ಲಾಂಜಾ ಮೂಲದಲ್ಲಿ ಮಾರುತಿ ಬಲೆನೊ ಕಾರೇ. 1197 ಸಿಸಿ ಎಂಜಿನ್ ಆದ್ದರಿಂದ ಎರಡಕ್ಕೂ ಥರ್ಡ್ ಪಾರ್ಟಿ ದರ ಒಂದೇ. ಆದರೆ ಪ್ರಕಟಿತ ಬೆಲೆ ಬೇರೆಯಾದರೆ ಐಡಿವಿ ಬೇರೆಯಾಯಿತು. ಕೊಳ್ಳುವವರು ಬೇರೆ, ಅವರ ಕ್ಲೇಮಿನ ಇತಿಹಾಸವೂ ಬೇರೆಯಾದರೆ ಕಂಪನಿಯ ದರವೂ ಬೇರೆಯಾದೀತು.

ಒಂದು ಚಿಪ್ಪಿನ ಬೆಲೆ

ಹೊರರೂಪಕ್ಕೂ ವಿಮೆಗೂ ಸಂಬಂಧವಿಲ್ಲ ಎಂಬುದಕ್ಕೆ ಅಮೆರಿಕದಲ್ಲಿ ನಡೆದ ಪ್ರಕರಣ ಒಳ್ಳೆಯ ಸಾಕ್ಷಿ. ಕೀಲಿಯಲ್ಲಿ ಒಂದು ಪುಟ್ಟ ಚಿಪ್ ಇಟ್ಟು, ಅದರ ಗುರುತು ಸಿಕ್ಕದಿದ್ದರೆ ಎಂಜಿನ್ ಚಾಲೂ ಆಗದಂತೆ ತಡೆಯುವ ಸಾಧನಕ್ಕೆ ಇಮೊಬಿಲೈಜರ್ ಎನ್ನುತ್ತಾರೆ. ಅಲ್ಲಿ ಮಾರಾಟವಾದ 2011ರಿಂದ 2021ರವರೆಗಿನ ಹಲವು ಕಿಯಾ ಕಾರುಗಳಲ್ಲಿ ಮತ್ತು 2015ರಿಂದ 2021ರವರೆಗಿನ ಹಲವು ಹ್ಯುಂಡೈ ಕಾರುಗಳಲ್ಲಿ ಇದು ಇರಲಿಲ್ಲ. ಸುಲಭವಾಗಿ ಕದಿಯುವ ಉಪಾಯವನ್ನು ಹುಡುಗರು ವಿಡಿಯೋ ಮಾಡಿ ಹರಡಿದರು. 2021, 2022ರಲ್ಲಿ ಕಳವು ವಿಪರೀತ ಏರಿತು. 2023ರ ಆರಂಭದಲ್ಲಿ ಎರಡು ದೊಡ್ಡ ವಿಮಾ ಕಂಪನಿಗಳು ಕೆಲವು ನಗರಗಳಲ್ಲಿ ಇಂಥ ಕಾರುಗಳಿಗೆ ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸಿದವು. ಅದೇ ವರ್ಷ ಫೆಬ್ರವರಿಯಲ್ಲಿ ಕಾರು ಕಂಪನಿಗಳು ಉಚಿತವಾಗಿ ತಂತ್ರಾಂಶ ಸರಿಪಡಿಸಿಕೊಡಲು ಮುಂದಾದವು. ಪಕ್ಕದ ಕೆನಡಾದಲ್ಲಿ 2007ರಿಂದಲೇ ಹೊಸ ಕಾರುಗಳಿಗೆ ಇಮೊಬಿಲೈಜರ್ ಕಡ್ಡಾಯವಾಗಿದ್ದರಿಂದ ಅಲ್ಲಿ ಈ ಪಿಡುಗು ತಲೆಯೆತ್ತಲಿಲ್ಲ.

ಬ್ರಿಟನ್‌ನಲ್ಲಿ ಬಹುಕಾಲ ಪ್ರತಿಯೊಂದು ಮಾಡೆಲ್ಲನ್ನೂ, ಅದರ ಒಂದೊಂದು ದರ್ಜೆಯನ್ನೂ 1ರಿಂದ 50ರವರೆಗಿನ ಗುಂಪುಗಳಲ್ಲಿ ವಿಂಗಡಿಸುವ ಪದ್ಧತಿ ಇತ್ತು. ಬಿಡಿಭಾಗದ ಬೆಲೆ, ರಿಪೇರಿಗೆ ಹಿಡಿಯುವ ಗಂಟೆಗಳು, ವೇಗ, ಕಳವಿನಿಂದ ರಕ್ಷಣೆ ಎಲ್ಲವನ್ನೂ ತೂಗಿ ಗುಂಪು ಗೊತ್ತುಮಾಡುತ್ತಿದ್ದರು. ಕಾರು ಕೊಳ್ಳುವ ಮುನ್ನವೇ ಗುಂಪಿನ ಸಂಖ್ಯೆ ನೋಡಬಹುದಿತ್ತು. ನಮ್ಮಲ್ಲಿ ಅಂಥ ಪಟ್ಟಿಯ ರೂಢಿ ಇಲ್ಲ. ಆದ್ದರಿಂದ ಶೋರೂಮಿನಲ್ಲಿ ಮುಂಗಡ ಕೊಡುವ ಮೊದಲೇ ಎರಡು ಮೂರು ಕಂಪನಿಗಳಿಂದ ವಿಮೆಯ ದರ ಕೇಳುವುದು ಜಾಣತನ.

ಓಡಿಸುವ ಕೈ

ಇಷ್ಟೆಲ್ಲ ಕಾರಿನ ಮಾತಾಯಿತು. ಕಾರಿನ ಯಜಮಾನನ ಕೈಯಲ್ಲಿ ಏನೂ ಇಲ್ಲವೇ? ಉಂಟು, ಸಾಕಷ್ಟು ಉಂಟು. ಅದರ ಹೆಸರು ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20 ಕಡಿತ. ಸತತ ಎರಡು ವರ್ಷಕ್ಕೆ ಶೇ. 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಒಮ್ಮೆ ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ಮತ್ತೆ ಸೊನ್ನೆಯಿಂದ ಆರಂಭ.

ಮತ್ತೆ ಪೆನ್ಸಿಲ್ ಹಿಡಿಯಿರಿ. ಮೇಲಿನ ಲೆಕ್ಕದಲ್ಲಿ ಇಬ್ಬರಿಗೂ ಬೋನಸ್ ಇರಲಿಲ್ಲ. ದೊಡ್ಡ ಎಂಜಿನ್ನಿನವರು ಮೂರು ವರ್ಷವೂ ಕ್ಲೇಮ್ ಮಾಡಿರಲಿಲ್ಲ ಎನ್ನೋಣ. 13,789ರಲ್ಲಿ ಶೇ. 35 ಕಳೆದರೆ 8,963. ಥರ್ಡ್ ಪಾರ್ಟಿ ಸೇರಿ 12,379. ಕಳೆದ ವರ್ಷ ಕ್ಲೇಮ್ ಮಾಡಿದ ಸಣ್ಣ ಎಂಜಿನ್ನಿನವರದು 13,351. ಲೆಕ್ಕ ತಿರುಗಿಬಿತ್ತು! ದೊಡ್ಡ ಕಾರಿನವರೇ 972 ರೂಪಾಯಿ ಕಡಿಮೆ ಕಟ್ಟುತ್ತಾರೆ. ಗೇಟಿಗೆ ತಾಗಿ ಬಿದ್ದ ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡಬಾರದು ಎಂದು ಅನುಭವಿಗಳು ಹೇಳುವುದು ಇದಕ್ಕೇ. ಈ ಬೋನಸ್ ಕಾರಿಗಲ್ಲ, ಯಜಮಾನನಿಗೆ ಸೇರಿದ್ದು. ಹಳೆಯ ಕಾರು ಮಾರಿದರೆ ಹೊಸ ಕಾರಿಗೆ ಅದನ್ನು ಒಯ್ಯಬಹುದು. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಹಳೆಯ ಯಜಮಾನನ ಬೋನಸ್ ಬರುವುದಿಲ್ಲ.

ಕಡಿಮೆ ಪ್ರೀಮಿಯಂ ಎಂಬ ಬಲೆ

ಹೀಗೆಂದ ಮಾತ್ರಕ್ಕೆ ಕಡಿಮೆ ದರದ ಪಾಲಿಸಿಯೇ ಒಳ್ಳೆಯದೆಂದು ತಿಳಿಯಬೇಡಿ. ಐಡಿವಿಯನ್ನು ತಗ್ಗಿಸಿದರೆ ಪ್ರೀಮಿಯಂ ತಾನಾಗಿ ತಗ್ಗುತ್ತದೆ. ಕಾರು ಕಳುವಾದ ದಿನ ಕೈಗೆ ಬರುವ ಹಣವೂ ತಗ್ಗುತ್ತದೆ. ಎರಡು ಕಂಪನಿಗಳ ದರ ಹೋಲಿಸುವಾಗ ಐಡಿವಿ ಒಂದೇ ಇದೆಯೇ ಎಂದು ಮೊದಲು ನೋಡಿ.

ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿ, ಏರ್‌ಬ್ಯಾಗ್‌ಗಳ ಬೆಲೆಯಲ್ಲಿ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ನಮ್ಮ ಜೇಬಿನಿಂದ. ಗ್ಯಾರೇಜಿನವರು "ಬಂಪರ್ ಟು ಬಂಪರ್" ಎಂದು ಕರೆಯುವ ಹೆಚ್ಚುವರಿ ರಕ್ಷಣೆ ಪಡೆದವರಿಗೆ ಈ ಕಡಿತ ಇಲ್ಲ, ಆದರೆ ಪ್ರೀಮಿಯಂ ಹೆಚ್ಚು. ಒಂದೇ ಮಾಡೆಲ್ಲಿನ ಎರಡು ಕಾರುಗಳ ದರ ಬೇರೆಯಾಗಲು ಇದೂ ಒಂದು ಕಾರಣ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ನೀರು ನುಗ್ಗಿ ಕಾರುಗಳು ಮುಳುಗಿದ್ದು ನೆನಪಿರಬಹುದು. ನೀರಿನಲ್ಲಿ ನಿಂತ ಕಾರನ್ನು ಚಾಲೂ ಮಾಡಲು ಹೋಗಿ ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿ ಕೈಹಿಡಿಯುವುದು ಕಷ್ಟ. ಎಂಜಿನ್ ರಕ್ಷಣೆಯ ಹೆಚ್ಚುವರಿ ಷರತ್ತು ಬೇಕು. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದವರು ಅದನ್ನು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಿಸಲೇಬೇಕು. ಅಲ್ಪ ಹಣ ಉಳಿಸಲು ಮುಚ್ಚಿಟ್ಟರೆ ಕ್ಲೇಮಿಗೆ ಕುತ್ತು.

ಹದಿನೆಂಟು ತುಂಬುವ ಮುನ್ನ

ಕೊನೆಯದಾಗಿ, ಪ್ರೀಮಿಯಂ ಎಷ್ಟೇ ಕಟ್ಟಿದ್ದರೂ ವ್ಯರ್ಥವಾಗುವ ಒಂದು ಸಂದರ್ಭವಿದೆ. ಅದು ಲೈಸೆನ್ಸ್ ಇಲ್ಲದ ಕೈಗೆ ಕೀಲಿ ಕೊಡುವುದು. ಪಕ್ಕದ ರಸ್ತೆಯ ಟ್ಯೂಷನ್‌ಗೆ ತಾನೇ ಎಂದು ಹದಿನಾರರ ಮಗನಿಗೆ ಕಾರು ಕೊಡುವ ಮನೆಗಳು ಕಡಿಮೆಯೇನಿಲ್ಲ. ಅಪಘಾತವಾದರೆ ಸ್ವಂತ ಕಾರಿನ ಹಾನಿಗೆ ಕಂಪನಿ ಹಣ ಕೊಡುವುದಿಲ್ಲ. ಗಾಯಗೊಂಡವರಿಗೆ ಕಂಪನಿಯೇ ಮೊದಲು ಪರಿಹಾರ ಕೊಡಲಿ, ಆಮೇಲೆ ಕಾರಿನ ಯಜಮಾನನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಹಲವು ಪ್ರಕರಣಗಳಲ್ಲಿ ಆದೇಶಿಸಿವೆ. ಸಾವು ಸಂಭವಿಸಿದರೆ ಆ ಮೊತ್ತ ಮನೆ ಮಾರಿಸುವಷ್ಟಾಗಬಹುದು. 2019ರಲ್ಲಿ ತಿದ್ದುಪಡಿಯಾದ ಕಾಯ್ದೆಯಲ್ಲಿ ಇದಕ್ಕೆ ಪ್ರತ್ಯೇಕ ಕಲಮೇ ಇದೆ: ಪೋಷಕರಿಗೆ ಅಥವಾ ವಾಹನದ ಯಜಮಾನರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು.

ಮೂರು ಮೆಟ್ಟಿಲುಗಳ ಥರ್ಡ್ ಪಾರ್ಟಿ ದರ ನಮಗೆ ಬರಿಯ ಖರ್ಚಾಗಿ ಕಾಣುತ್ತದೆ. ಆದರೆ ರಸ್ತೆ ದಾಟುತ್ತಿದ್ದಾಗ ಕಾರಿಗೆ ಸಿಕ್ಕು ದುಡಿಯುವ ಒಬ್ಬನೇ ಮಗನನ್ನು ಕಳೆದುಕೊಂಡ ಮನೆಗೆ ಆಸರೆಯಾಗುವುದು ಅದೇ. ಅದಕ್ಕೆಂದೇ ಕಾನೂನು ಅದನ್ನು ನಮ್ಮ ಇಷ್ಟಕ್ಕೆ ಬಿಟ್ಟಿಲ್ಲ.

ಮುಂದಿನ ಸಲ ನವೀಕರಣದ ಕಾಗದ ಬಂದಾಗ ಕೊನೆಯ ಸಾಲಿನ ಮೊತ್ತವನ್ನಷ್ಟೇ ನೋಡಿ ಮಡಚಿಡಬೇಡಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಿಸಿ ಎಷ್ಟು, ಐಡಿವಿ ಎಷ್ಟು, ಬೋನಸ್ ಎಷ್ಟು, ಹೆಚ್ಚುವರಿ ಷರತ್ತು ಯಾವುವು ಎಂದು ಒಂದೊಂದಾಗಿ ಓದಿಸಿ. ಶೇಕಡಾ ಲೆಕ್ಕ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ಮಕ್ಕಳಿಗೆ ಅದೇ ಉತ್ತರ. ಆ ಮೇಲೆ ಬೇಕಾದರೆ ಎದುರು ಮನೆಯವರ ಜೊತೆ ಕೂತು ಚಹಾ ಕುಡಿಯುತ್ತಾ ಇಬ್ಬರ ಕಾಗದವನ್ನೂ ಹೋಲಿಸಿ ನೋಡಬಹುದು.